ತಂತ್ರಜ್ಞೆಯನ್ನು ಕೇಳಿ: ಒಂದು ಆಪ್‌ನ ವಿಡಿಯೊ ಕರೆ ಇನ್ನೊಂದಕ್ಕೆ ಏಕೆ ಹೋಗುವುದಿಲ್ಲ?

ನಿರ್ವಾಹಕರು: ಮಂಗಳೂರಿನಲ್ಲಿ ಆಸ್ಪತ್ರೆ, ಕಾಲೇಜು, ಸಭಾಭವನಗಳಿಗೆ ವಿಡಿಯೊ ಕರೆಯ ವ್ಯವಸ್ಥೆ ಜೋಡಿಸಿಕೊಡುವ ನಮ್ಮ ಸದಸ್ಯೆಯೊಬ್ಬರು ಇಂದು ಮತ್ತು ನಾಳೆ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಸುರತ್ಕಲ್ ಸದಸ್ಯರು: ಮೇಡಂ, ಮಗಳ ಹತ್ತಿರ ಐಫೋನ್ ಇದೆ, ನನ್ನದು ಆಂಡ್ರಾಯ್ಡ್. ಅವಳ ಫೇಸ್‌ಟೈಮ್ ಕರೆ ನನಗೆ ಬರುವುದೇ ಇಲ್ಲ. ಸಾದಾ ಫೋನ್ ಕರೆ ಯಾವ ಕಂಪನಿಯಿಂದ ಯಾವ ಕಂಪನಿಗಾದರೂ ಹೋಗುತ್ತದೆ. ಇದಕ್ಕೇನು ಅಡ್ಡಿ?

ತಂತ್ರಜ್ಞೆ: ಸಾದಾ ಫೋನಿನ ಕಂಪನಿಗಳೆಲ್ಲ ಒಂದೇ ಸಂಖ್ಯಾಕ್ರಮಕ್ಕೆ, ಒಂದೇ ಸಂಕೇತಭಾಷೆಗೆ ಒಪ್ಪಿಕೊಂಡಿವೆ. ವಿಡಿಯೊಗೂ ಅಂಥ ಭಾಷೆಗಳು ಹುಟ್ಟಿದ್ದವು: 1996ರಲ್ಲಿ ಎಚ್.323, 1999ರಲ್ಲಿ ಎಸ್‌ಐಪಿ. ಕಚೇರಿಗಳ ದೊಡ್ಡ ಯಂತ್ರಗಳು ಅವನ್ನು ಕಲಿತವು, ನಮ್ಮ ಜೇಬಿನ ಆಪ್‌ಗಳು ಕಲಿಯಲಿಲ್ಲ. 2010ರಲ್ಲಿ ಫೇಸ್‌ಟೈಮ್ ತೋರಿಸುವಾಗ ಇದನ್ನು ಎಲ್ಲರಿಗೂ ಮುಕ್ತವಾದ ಮಾನದಂಡ ಮಾಡುತ್ತೇವೆ ಎಂದು ಐಫೋನ್ ಮಾಡುವ ಆಪಲ್‌ನ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆಯೇ ಹೇಳಿದ್ದರು. ಅದು ಆಗಲೇ ಇಲ್ಲ. 2021ರಿಂದ ಒಂದು ಕಿಂಡಿ ತೆರೆದಿದೆ: ಮಗಳು ಫೇಸ್‌ಟೈಮ್‌ನಲ್ಲಿ ಲಿಂಕ್ ಮಾಡಿ ಕಳುಹಿಸಿದರೆ ನೀವು ಕ್ರೋಮ್‌ನಲ್ಲಿ ತೆರೆದು ಸೇರಬಹುದು. ನೀವಾಗಿ ಕರೆ ಮಾಡಲು ಆಗುವುದಿಲ್ಲ.

ಮೂಲ್ಕಿ ಸದಸ್ಯರು: ಆಂಡ್ರಾಯ್ಡ್‌ನಲ್ಲಿ ಫೇಸ್‌ಟೈಮ್ ಬರುತ್ತದೆಯೇ ಮೇಡಂ?

ತಂತ್ರಜ್ಞೆ: ಲಿಂಕ್ ಮೂಲಕ ಮಾತ್ರ. ಮೇಲೆ ಬರೆದಿದ್ದೇನೆ.

ಉಡುಪಿಯ ಉಪನ್ಯಾಸಕರು: ನಮ್ಮ ಕಾಲೇಜಿನ ಸಭಾಂಗಣದಲ್ಲಿ ಹಳೆಯ ವಿಡಿಯೊ ಕಾನ್ಫರೆನ್ಸ್ ಯಂತ್ರವಿದೆ. ಕ್ಯಾಮೆರಾ ಈಗಲೂ ಚೆನ್ನಾಗಿದೆ. ಹೊರಗಿನ ತಜ್ಞರು ಜೂಮ್‌ಗೆ ಬನ್ನಿ ಎನ್ನುತ್ತಾರೆ, ಯಂತ್ರ ಒಪ್ಪುವುದಿಲ್ಲ. ಗುಜರಿಗೆ ಹಾಕಬೇಕೇ?

ತಂತ್ರಜ್ಞೆ: ದಯವಿಟ್ಟು ಹಾಕಬೇಡಿ. ಅದು ಎಚ್.323 ಮಾತನಾಡುವ ಯಂತ್ರವಾಗಿರಬೇಕು. ನಡುವೆ ದುಭಾಷಿಯಂತೆ ನಿಲ್ಲುವ ಗೇಟ್‌ವೇ ಸೇವೆಗಳಿವೆ, ಆದರೆ ಅವುಗಳ ಚಂದಾ ಕಾಲೇಜಿಗೆ ಭಾರ. ಕ್ಯಾಮೆರಾದ ಎಚ್‌ಡಿಎಂಐ ತಂತಿಯನ್ನು ಯುಎಸ್‌ಬಿ ಕ್ಯಾಪ್ಚರ್ ಕಾರ್ಡ್ (ಕ್ಯಾಮೆರಾದ ಚಿತ್ರವನ್ನು ಲ್ಯಾಪ್‌ಟಾಪ್‌ಗೆ ತಲುಪಿಸುವ ಸಣ್ಣ ಸಾಧನ) ಮೂಲಕ ಲ್ಯಾಪ್‌ಟಾಪ್‌ಗೆ ಕೊಡಿ. ಲ್ಯಾಪ್‌ಟಾಪ್ ಅದನ್ನು ಸಾಮಾನ್ಯ ವೆಬ್‌ಕ್ಯಾಮ್ ಎಂದೇ ತಿಳಿಯುತ್ತದೆ, ಜೂಮ್ ಆದರೂ ಮೀಟ್ ಆದರೂ ನಡೆಯುತ್ತದೆ. ಲ್ಯಾಪ್‌ಟಾಪ್‌ನ ಮೈಕನ್ನು ಮಾತ್ರ ಮುಚ್ಚಿ. ಒಂದೇ ಕೋಣೆಯಲ್ಲಿ ಎರಡು ಮೈಕ್ ತೆರೆದಿದ್ದರೆ ಪ್ರತಿಧ್ವನಿಯಿಂದ ಯಾರೂ ಕೂರಲಾರರು.

ಪುತ್ತೂರು ಸದಸ್ಯರು: ಮದುವೆಯ ನೇರ ಪ್ರಸಾರಕ್ಕೆ ಯಾವ ಕ್ಯಾಮೆರಾ ಒಳ್ಳೆಯದು?

ಕಾಪುವಿನ ಸದಸ್ಯೆ: ಮೇಡಂ, ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ. ನನ್ನ ಅಪ್ಪ, ಅಮ್ಮ, ಅಣ್ಣ ಮೂವರಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ನಮ್ಮ ಮನೆಯ ಮಾತೆಲ್ಲ ಕೈಸನ್ನೆಯದು. ಅಣ್ಣ ಈಗ ದುಬೈಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ಅಲ್ಲಿಗೆ ವಾಟ್ಸಾಪ್ ವಿಡಿಯೊ ಹೋಗುವುದಿಲ್ಲ. ಬೊಟಿಮ್ ಹಾಕಿಕೊಂಡೆವು, ಮುಖ ಕಾಣುತ್ತದೆ, ಆದರೆ ಬೆರಳುಗಳು ಮಸುಕಾಗಿ ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ. ಅಮ್ಮ ಐದು ನಿಮಿಷ ನೋಡಿ, ಕೈ ಮಡಚಿ ಎದ್ದು ಹೋಗುತ್ತಾರೆ. ಇನ್ನೊಂದು ಗುಂಪಿನಲ್ಲಿ ವಿಪಿಎನ್ (ನೆಟ್ಟನ್ನು ಬೇರೆ ದೇಶದ ಮೂಲಕ ಸುತ್ತಿಸಿ ತಡೆ ದಾಟಿಸುವ ಆಪ್) ಹಾಕಿ ಎಂದರು. ಹಾಕಬಹುದೇ?

ತಂತ್ರಜ್ಞೆ: ಮೊದಲು ಒಂದು ಮಾತು: ಅಣ್ಣನ ಫೋನಿಗೆ ವಿಪಿಎನ್ ಹಾಕಿಸಬೇಡಿ. ಅಲ್ಲಿ ವಿಪಿಎನ್ ಇಟ್ಟುಕೊಳ್ಳುವುದೇ ತಪ್ಪಲ್ಲ. ಆದರೆ ಅಪರಾಧ ಮಾಡಲು ಅಥವಾ ಅದನ್ನು ಮುಚ್ಚಿಡಲು ಬಳಸಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ತಡೆಹಿಡಿದ ಕರೆಯನ್ನು ಕದ್ದು ದಾಟಿಸುವವರು ಆ ಗೆರೆಯ ಪಕ್ಕದಲ್ಲೇ ನಡೆಯುತ್ತಾರೆ. ದುಡಿಯಲು ಹೋದ ಹುಡುಗನನ್ನು ಅಲ್ಲಿಗೆ ತಳ್ಳಬಾರದು. ಬೊಟಿಮ್, ಜೂಮ್, ಟೀಮ್ಸ್ ಇವಕ್ಕೆಲ್ಲ ಅಲ್ಲಿಯ ನಿಯಂತ್ರಣ ಪ್ರಾಧಿಕಾರದ ಅನುಮತಿಯಿದೆ. ಇವುಗಳಲ್ಲೇ ದಾರಿ ಹುಡುಕೋಣ.

ಇನ್ನು ಬೆರಳಿನ ವಿಷಯ. ಈ ಆಪ್‌ಗಳನ್ನು ಕಟ್ಟಿರುವುದು ಕಿವಿ ಕೇಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು. ನೆಟ್ ಸೊರಗಿದರೆ ಅವು ಧ್ವನಿಯನ್ನು ಕಾಪಾಡಿ ಚಿತ್ರವನ್ನು ಕೈಬಿಡುತ್ತವೆ. ನನಗೆ ಅದು ಸರಿ, ನಿಮ್ಮ ಅಮ್ಮನಿಗೆ ಚಿತ್ರವೇ ಮಾತು. ಸೆಕೆಂಡಿಗೆ 25 ಚಿತ್ರ ಬಂದರೆ ಕೈಸನ್ನೆ ಸರಾಗವಾಗಿ ಓದಬಹುದು, 12ಕ್ಕಿಂತ ಇಳಿದರೆ ಕಷ್ಟ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸಂಜ್ಞಾಭಾಷೆಗೆಂದೇ 1999ರಲ್ಲಿ ಹೊರಡಿಸಿದ ಸೂಚನೆಯಲ್ಲಿ ಇದೆಲ್ಲ ಇದೆ. ಅದನ್ನು ಗಮನದಲ್ಲಿಟ್ಟು ಆಪ್ ಮಾಡಿದವರು ಬಹಳ ಕಡಿಮೆ, ಇದು ನನಗೆ ನಿಜವಾಗಿಯೂ ಸಿಟ್ಟು ತರಿಸುತ್ತದೆ.

ಅಮ್ಮ ಎಲ್ಲಿ ಕುಳಿತು ಮಾತನಾಡುತ್ತಾರೆ? ಚಾವಡಿಯಲ್ಲಿ, ಬಾಗಿಲಿಗೆ ಬೆನ್ನು ಹಾಕಿ ಎಂದಾದರೆ ನೆಟ್ ಎಷ್ಟೇ ಚೆನ್ನಾಗಿದ್ದರೂ ಬೆರಳು ಮಸುಕಾಗುತ್ತದೆ. ಬೆಳಕು ಸಾಲದಾಗ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿರುತ್ತದೆ. 30 ಚಿತ್ರ ತೆಗೆಯುವ ಹೊತ್ತಿನಲ್ಲಿ 15 ತೆಗೆಯುತ್ತದೆ, ಅಲುಗುವ ಬೆರಳು ಗೆರೆಯಾಗಿ ಹರಡುತ್ತದೆ. ಫೋನಿನ ಹಿಂದೆ, ಅಮ್ಮನ ಮುಖಕ್ಕೆ ಎದುರಾಗಿ ಒಂದು ಎಲ್‌ಇಡಿ ಬಲ್ಬ್ ಹಾಕಿ. ಫೋನನ್ನು ಅಡ್ಡವಾಗಿ, ಸೊಂಟದಿಂದ ತಲೆಯವರೆಗೆ ಕಾಣುವಂತೆ ಅಕ್ಕಿ ಡಬ್ಬಕ್ಕೆ ಒರಗಿಸಿಡಿ. ಹಿಂದಿನ ಗೋಡೆ ಖಾಲಿಯಿರಲಿ. ಗಾಳಿಗೆ ಹಾರುವ ಪರದೆ, ತಿರುಗುವ ಫ್ಯಾನ್ ಎಲ್ಲವೂ ಬೆರಳಿಗೆ ಸಿಗಬೇಕಾದ ನೆಟ್ಟಿನ ಪಾಲನ್ನು ತಿನ್ನುತ್ತವೆ. ಹಿನ್ನೆಲೆ ಮಸುಕು ಮಾಡುವ ಸೌಲಭ್ಯ ಬೇಡವೇ ಬೇಡ, ಅದು ಬೆರಳುಗಳನ್ನೇ ಹಿನ್ನೆಲೆಯೆಂದು ತಿಳಿದು ಅಳಿಸುತ್ತದೆ.

ಮೂರು ಕಡೆಯಿಂದ ಸೇರುವಾಗ ಇನ್ನೊಂದು ತೊಡಕಿದೆ. ಧ್ವನಿ ಎಲ್ಲಿಂದ ಬರುತ್ತದೋ ಅವರನ್ನು ಆಪ್ ದೊಡ್ಡದಾಗಿ ತೋರಿಸುತ್ತದೆ. ಕೈಯಲ್ಲಿ ಮಾತನಾಡುವವರು ಅದರ ಲೆಕ್ಕಕ್ಕೆ ಸುಮ್ಮನಿರುವವರು. ಜೂಮ್‌ನಲ್ಲಿ ಅಣ್ಣನ ಚಿತ್ರವನ್ನು ಪಿನ್ ಮಾಡಿಡಿ, ಅದು ದೊಡ್ಡದಾಗಿಯೇ ಉಳಿಯುತ್ತದೆ. ಇಷ್ಟು ಮಾಡಿ ನನಗೆ ತಿಳಿಸಿ, ಮರೆಯಬೇಡಿ.

ಬಂಟ್ವಾಳ ಸದಸ್ಯರು: *ಫಾರ್ವರ್ಡ್ ಮಾಡಲಾಗಿದೆ* ಈ ಒಂದು ಆಪ್ ಹಾಕಿದರೆ ವಾಟ್ಸಾಪ್, ಫೇಸ್‌ಟೈಮ್, ಬೊಟಿಮ್ ಎಲ್ಲ ಒಂದೇ ಕಡೆ! ಗಲ್ಫ್‌ಗೂ ಉಚಿತ! ಕೆಳಗಿನ ಫೈಲ್ ಇಳಿಸಿಕೊಳ್ಳಿ, 10 ಮಂದಿಗೆ ಕಳುಹಿಸಿ.

ತಂತ್ರಜ್ಞೆ: ಯಾರೂ ಆ ಫೈಲ್ ಮುಟ್ಟಬೇಡಿ. ನಿರ್ವಾಹಕರೇ, ಅಳಿಸಿ. ಆ ಮೂರು ಕಂಪನಿಗಳು ತಮ್ಮ ಬಾಗಿಲು ತೆರೆಯದೆ ಮೂರನ್ನೂ ಒಂದು ಮಾಡುವ ಆಪ್ ಇರುವುದು ಸಾಧ್ಯವೇ ಇಲ್ಲ. ಪ್ಲೇ ಸ್ಟೋರ್‌ನ ಹೊರಗಿನ ಇಂಥ ಎಪಿಕೆ (ಆಪ್ ಹಾಕುವ ಫೈಲ್) ನಿಮ್ಮ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಬ್ಯಾಂಕಿನ ಒಟಿಪಿಯೂ ಅವರ ಕೈಗೆ. ಈಗಾಗಲೇ ಇಳಿಸಿಕೊಂಡವರು ನೆಟ್ ಆಫ್ ಮಾಡಿ, ಆಪ್ ತೆಗೆಯಿರಿ, ಬ್ಯಾಂಕಿಗೆ ಬೇರೆ ಫೋನಿನಿಂದ ತಿಳಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬಂಟ್ವಾಳ ಸದಸ್ಯರು: ಉಪಕಾರವಾಗಲಿ ಎಂದು ಹಾಕಿದ್ದು. ಇಷ್ಟು ಗದರಿಸುವ ಅಗತ್ಯವಿರಲಿಲ್ಲ.

ತಂತ್ರಜ್ಞೆ: ಇತ್ತು.

ಉಳ್ಳಾಲ ಸದಸ್ಯರು: ವಿಪಿಎನ್ ಬಗ್ಗೆ ಸುಮ್ಮನೆ ಹೆದರಿಸುತ್ತಿದ್ದೀರಿ ಮೇಡಂ. ನನ್ನ ಭಾವ ಶಾರ್ಜಾದಲ್ಲಿ ಆರು ವರ್ಷದಿಂದ ಬಳಸುತ್ತಿದ್ದಾರೆ, ಏನೂ ಆಗಿಲ್ಲ.

ತೊಕ್ಕೊಟ್ಟು ಸದಸ್ಯರು: ನಿಮ್ಮ ಭಾವನಿಗೆ ಆಗಿಲ್ಲವೆಂದರೆ ಬೇರೆಯವರಿಗೂ ಆಗುವುದಿಲ್ಲವೇ ಮಾರಾಯರೇ? ನಾನು ಅಲ್ಲಿ ಹದಿನೆಂಟು ವರ್ಷ ಇದ್ದವನು. ದಂಡ ಬಿದ್ದರೆ ನೀವು ಕಟ್ಟುತ್ತೀರಾ?

ಉಳ್ಳಾಲ ಸದಸ್ಯರು: ಹದಿನೆಂಟು ವರ್ಷ ಇದ್ದ ಮಾತ್ರಕ್ಕೆ ಎಲ್ಲವೂ ಗೊತ್ತಿದೆ ಎಂದಲ್ಲ.

ತಂತ್ರಜ್ಞೆ: ಉಚಿತ ವಿಪಿಎನ್ ನಿಮ್ಮ ಕರೆಯನ್ನು ಇನ್ನೊಂದು ದೇಶ ಸುತ್ತಿಸಿ ತರುತ್ತದೆ. ಕಾಪುವಿನ ಆ ತಾಯಿಗೆ ಬೆರಳು ಇನ್ನಷ್ಟು ತಡವಾಗಿ ಕಾಣುತ್ತದೆ. ಕಾನೂನು ಪಕ್ಕಕ್ಕಿಟ್ಟರೂ ಅದು ಮದ್ದಲ್ಲ. ಈ ವಿಷಯ ಇಲ್ಲಿಗೆ ಸಾಕು.

ಮಣಿಪಾಲದ ವಿದ್ಯಾರ್ಥಿ: ಯುರೋಪಿನ ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆ ಬಂದಿದೆಯಲ್ಲ, ಇನ್ನು ಎಲ್ಲ ಆಪ್‌ಗಳೂ ಒಂದಕ್ಕೊಂದು ಕರೆ ಮಾಡುತ್ತವೆ.

ಕದ್ರಿ ಸದಸ್ಯರು: ಯುರೋಪಿನ ಕಾನೂನು ಕದ್ರಿಗೆ ಏಕೆ? ಎಲ್ಲವನ್ನೂ ಬೆಸೆದರೆ, ನಮ್ಮ ಮಾತು ಬೇರೆಯವರಿಗೆ ಸಿಗದಂತೆ ಕಾಯುವ ಗೂಢಲಿಪಿ ಒಡೆಯುತ್ತದೆ. ಬೇರೆಬೇರೆ ಇರುವುದೇ ಸುರಕ್ಷಿತ.

ಮಣಿಪಾಲದ ವಿದ್ಯಾರ್ಥಿ: ಗೂಢಲಿಪಿ ಉಳಿಸಿಕೊಂಡೇ ಜೋಡಿಸಬೇಕು ಎಂದು ಕಾಯ್ದೆಯಲ್ಲೇ ಇದೆ. ಓದಿ ಬರೆಯಿರಿ ಸರ್.

ಕದ್ರಿ ಸದಸ್ಯರು: ಓದಲು ನಿಮ್ಮಿಂದ ಕಲಿಯಬೇಕಾಗಿಲ್ಲ.

ತಂತ್ರಜ್ಞೆ: ವಿದ್ಯಾರ್ಥಿ ಹೇಳಿದ್ದು ಅರ್ಧ ಸರಿ. ವಾಟ್ಸಾಪ್ 2023ರ ಸೆಪ್ಟೆಂಬರ್‌ನಲ್ಲಿ ಆ ಕಾಯ್ದೆಯ ವ್ಯಾಪ್ತಿಗೆ ಬಂತು. ಮೊದಲು ಸಂದೇಶ, ಆಮೇಲೆ ಗುಂಪು; ಧ್ವನಿ ಮತ್ತು ವಿಡಿಯೊ ಕರೆಗೆ ಮಾತ್ರ 4 ವರ್ಷಗಳ ಗಡುವು. ಅದೂ ಬೇರೆ ಆಪ್‌ನವರು ಕೇಳಿಕೊಂಡರೆ, ಯುರೋಪಿನ ಬಳಕೆದಾರರಿಗೆ. ನಮಗೆ ತಾನಾಗಿ ಏನೂ ಸಿಗುವುದಿಲ್ಲ. ಜೋಡಿಸಲು ಆಗದು ಎನ್ನುವುದನ್ನು ಮಾತ್ರ ನಾನು ನಂಬುವುದಿಲ್ಲ. ಬ್ರೌಸರ್‌ಗಳಲ್ಲಿ ಯಾವ ವಿಡಿಯೊ ಸಂಕೋಚನ ಇರಬೇಕು ಎಂದು ವರ್ಷಗಟ್ಟಲೆ ಜಗಳವಾಗಿ, 2014ರಲ್ಲಿ ವಿಪಿ8, ಎಚ್.264 ಎರಡೂ ಇರಲಿ ಎಂದು ರಾಜಿಯಾಯಿತು. ಇಂದು ಕ್ರೋಮ್‌ನವರು ಸಫಾರಿಯವರ ಜೊತೆ ಮಾತನಾಡುವುದು ಆ ರಾಜಿಯಿಂದ. ಆಪ್ ಕಂಪನಿಗಳಿಗೆ ಅಂಥ ಮನಸ್ಸಿಲ್ಲ, ಅಷ್ಟೇ.

ಬ್ರಹ್ಮಾವರ ಸದಸ್ಯೆ: ಸ್ಕೈಪ್ ತೆರೆಯುತ್ತಿಲ್ಲ, ಏನು ಮಾಡಲಿ?

ತಂತ್ರಜ್ಞೆ: 2025ರ ಮೇ 5ರಂದು ಮುಚ್ಚಿತು.

ಕಾರ್ಕಳ ಸದಸ್ಯರು: ಮಳೆ ಬಂದಾಗ ಫೈಬರ್ ನೆಟ್ ಹೋಗುತ್ತದೆ. ಯಾರನ್ನು ಕೇಳಬೇಕು?

ಪುತ್ತೂರು ಸದಸ್ಯರು: ನನ್ನ ಕ್ಯಾಮೆರಾ ಪ್ರಶ್ನೆಗೆ ಉತ್ತರ ಬರಲಿಲ್ಲ.

ಪಡುಬಿದ್ರಿ ಸದಸ್ಯರು: ಫೇಸ್‌ಟೈಮ್ ಆಂಡ್ರಾಯ್ಡ್‌ಗೆ ಬರುತ್ತದೆಯೇ?

ತಂತ್ರಜ್ಞೆ: ಮೇಲೆ ಎರಡು ಸಲ ಇದೆ. ಓದಿ.

ಕದ್ರಿ ಸದಸ್ಯರು: ಉತ್ತರಿಸಲು ಬಂದವರಿಗೆ ತಾಳ್ಮೆ ಇರಬೇಕು.

ತೊಕ್ಕೊಟ್ಟು ಸದಸ್ಯರು: ಕೇಳುವವರಿಗೂ ಇರಬೇಕು.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ. ಇಲ್ಲವಾದರೆ ಸಂದೇಶಗಳನ್ನು ತೆಗೆಯುತ್ತೇನೆ.

ಕಾಪುವಿನ ಸದಸ್ಯೆ: ಮೇಡಂ, ನಿನ್ನೆ ರಾತ್ರಿ ಒಂಬತ್ತಕ್ಕೆ, ಅಲ್ಲಿಯ ಏಳೂವರೆಗೆ, ಜೂಮ್‌ನಲ್ಲಿ ಮಾತನಾಡಿದೆವು. ಅಮ್ಮ ಬಾಗಿಲಿಗೇ ಬೆನ್ನು ಹಾಕಿ ಕೂರುತ್ತಿದ್ದರು. ಜಾಗ ಬದಲಿಸಿ ಎದುರಿಗೆ ಬಲ್ಬ್ ಹಾಕಿದೆ. ಅಮ್ಮನ ಕೈ ಈಗ ಸ್ಪಷ್ಟವಾಗಿ ಕಾಣುತ್ತದೆ ಎಂದು ಅಣ್ಣ ಹೇಳಿದ. ಅವನನ್ನೂ ದೀಪದ ಕೆಳಗೆ ಕೂರಿಸಿದೆವು. ಆಗ ಅಮ್ಮ ಅವನ ಬಲಗೈ ಹೆಬ್ಬೆರಳಿಗೆ ಸುತ್ತಿದ ಪಟ್ಟಿಯನ್ನು ಕಂಡರು. ಎರಡು ವಾರದ ಹಿಂದೆ ಕೆಲಸದಲ್ಲಿ ಗಾಯವಾಗಿತ್ತಂತೆ, ನಮಗೆ ತಿಳಿಸಿರಲಿಲ್ಲ. ಮಾತು ಮುಕ್ಕಾಲು ಗಂಟೆ ನಡೆಯಿತು. ಒಂದೇ ತೊಂದರೆ: ಹತ್ತು ನಿಮಿಷಕ್ಕೊಮ್ಮೆ ಚಿತ್ರ ಅಲ್ಲಾಡದೆ ನಿಲ್ಲುತ್ತದೆ.

ತಂತ್ರಜ್ಞೆ: ಗಾಯವನ್ನು ಅಲ್ಲಿ ವೈದ್ಯರಿಗೆ ತೋರಿಸಿದ್ದಾನೆಯೇ ಎಂದು ಮೊದಲು ಕೇಳಿ. ಚಿತ್ರ ನಿಲ್ಲುವುದು ಅವನ ಕೋಣೆಯ ವೈಫೈನಿಂದ ಇರಬಹುದು, ಒಂದೇ ರೂಟರ್‌ನಲ್ಲಿ ಎಷ್ಟು ಮಂದಿ ಇದ್ದಾರೋ. ಇಂದು ಅವನು ಮೊಬೈಲ್ ಡೇಟಾದಲ್ಲಿ ಸೇರಲಿ. ಆಗ ನಿಲ್ಲದಿದ್ದರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತದೆ. ಒಂಬತ್ತೂವರೆಯವರೆಗೆ ನಾನು ಎಚ್ಚರವಿರುತ್ತೇನೆ, ಬರೆಯಿರಿ.