ಬಿಪಿ ಇರುವ ಅಪ್ಪನಿಗೆ ಆಪರೇಷನ್ ಹೊತ್ತಲ್ಲಿ ಉಪ್ಪುನೀರು ಯಾಕೆ ಕೊಟ್ಟರು?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅಪ್ಪನಿಗೆ 64 ವರ್ಷ. ಹೋದ ತಿಂಗಳು ಮೆದುಳಿನ ಗಡ್ಡೆಯ ಆಪರೇಷನ್ ಆಯಿತು. ಡಿಸ್ಚಾರ್ಜ್ ಚೀಟಿಯಲ್ಲಿ 3% ಸಲೈನ್ 150 ಮಿ.ಲೀ. ಕೊಟ್ಟಿದ್ದಾಗಿ ಬರೆದಿದ್ದಾರೆ. ಅಪ್ಪನಿಗೆ ಬಿಪಿ ಇದೆ, ಮನೆಯಲ್ಲಿ ಉಪ್ಪಿನಕಾಯಿ ಮುಟ್ಟೋಕೂ ಬಿಡಲ್ಲ ನಾವು. ಹಾಗಿರುವಾಗ ರಕ್ತಕ್ಕೇ ಉಪ್ಪು ಹಾಕುವುದಾ?

ಉತ್ತರ (ಅರಿವಳಿಕೆ ವೈದ್ಯರು): ಮೊದಲು ಒಂದು ಲೆಕ್ಕ ನೋಡಿ ಮೇಡಂ. ವಾರ್ಡಿನಲ್ಲಿ ಹಾಕುವ ಮಾಮೂಲಿ ನಾರ್ಮಲ್ ಸಲೈನ್ 0.9%. ನಾವೆಲ್ಲ 'ಗ್ಲೂಕೋಸ್ ಹಾಕಿದರು' ಅಂತೀವಲ್ಲ, ಎಷ್ಟೋ ಸಲ ಅದು ಇದೇ. ಅದರ ಅರ್ಧ ಲೀಟರ್ ಬಾಟಲಿಯಲ್ಲಿ 4.5 ಗ್ರಾಂ ಉಪ್ಪು ಇರುತ್ತದೆ. 3% ದ್ರಾವಣದ 150 ಮಿ.ಲೀ.ನಲ್ಲೂ ಅಷ್ಟೇ, 4.5 ಗ್ರಾಂ. ಉಪ್ಪು ಜಾಸ್ತಿ ಹೋಗಿಲ್ಲ. ಅದರ ಜೊತೆ ಹೋದ ನೀರು ಕಡಿಮೆ.

ಕೆಲಸ ಮಾಡುವುದೂ ಆ ಗಾಢತೆಯೇ. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ನೀರು ಬಿಟ್ಟು ಚಿರುಟಿಕೊಳ್ಳುತ್ತದೆ ಅಲ್ವಾ? ತಲೆಬುರುಡೆ ಹಿಗ್ಗದ ಡಬ್ಬಿ. ಗಡ್ಡೆಯ ಸುತ್ತ ಮೆದುಳು ಬಾತುಕೊಂಡಿದ್ದರೆ, ಬುರುಡೆ ತೆರೆದ ಕೂಡಲೇ ಅದು ಹೊರಗೆ ಉಬ್ಬುತ್ತದೆ. ಸರ್ಜನ್‌ಗೆ ಗಡ್ಡೆಯ ಹತ್ತಿರ ಹೋಗಲು ಜಾಗವೇ ಇರುವುದಿಲ್ಲ. ಉಪ್ಪಿನಲ್ಲಿರುವ ಸೋಡಿಯಂ ರಕ್ತದಲ್ಲಿ ಏರಿದಾಗ ಅದು ಮೆದುಳಿನೊಳಗೆ ಸುಲಭವಾಗಿ ನುಗ್ಗಲಾರದು. ಬದಲಿಗೆ ಮೆದುಳಿನ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಮೆದುಳು ಸ್ವಲ್ಪ ಕುಗ್ಗುತ್ತದೆ.

ಇದೇ ಕೆಲಸಕ್ಕೆ ಮ್ಯಾನಿಟಾಲ್ ಅನ್ನುವ ಔಷಧಿ ಕೂಡ ಇದೆ. ಆದರೆ ಅದು ಮೂತ್ರ ಜಾಸ್ತಿ ಹೋಗುವಂತೆ ಮಾಡುತ್ತದೆ, ಬಿಪಿ ಇಳಿಯಬಹುದು. ರಕ್ತ ಹೋಗುತ್ತಿರುವ ರೋಗಿಗೆ ನಾನಾದರೆ 3% ಕಡೆಗೇ ವಾಲುತ್ತೇನೆ. ಎಲ್ಲ ಅರಿವಳಿಕೆ ವೈದ್ಯರೂ ಇದನ್ನು ಒಪ್ಪುತ್ತಾರೆ ಅಂತಲ್ಲ.

ಪ್ರಶ್ನೆ: ಸರ್, ನಾನು ನರ್ಸಿಂಗ್ ವಿದ್ಯಾರ್ಥಿನಿ. ಇಷ್ಟು ಕಡಿಮೆ ನೀರಿನಲ್ಲಿ ಕೆಲಸ ಆಗುತ್ತದೆ ಅಂದರೆ ಎಲ್ಲ ದೊಡ್ಡ ಆಪರೇಷನ್‌ಗೂ ಇದನ್ನೇ ಕೊಡಬಹುದಲ್ಲ? ಲೀಟರ್‌ಗಟ್ಟಲೆ ಡ್ರಿಪ್ ಹಾಕಿ ಮೈ ಊದಿಸುವುದು ತಪ್ಪುತ್ತಿತ್ತು.

ಉತ್ತರ: ಒಳ್ಳೆಯ ಪ್ರಶ್ನೆ. ಈ ಆಸೆ ಹಳೆಯದು. 1980ರಲ್ಲಿ ಬ್ರೆಜಿಲ್‌ನ ಸಂಶೋಧಕರು ರಕ್ತ ಕಳೆದುಕೊಂಡ ನಾಯಿಗಳಿಗೆ 7.5% ದ್ರಾವಣ ಸ್ವಲ್ಪವೇ ಕೊಟ್ಟು ಬದುಕಿಸಿ ತೋರಿಸಿದರು. ಆಗ ಎಲ್ಲರಿಗೂ ಹುರುಪು ಬಂತು. ಆಮೇಲೆ ಅಮೆರಿಕ, ಕೆನಡಾಗಳಲ್ಲಿ ಗಾಯಾಳುಗಳ ಮೇಲೆ ದೊಡ್ಡ ಪ್ರಯೋಗ ನಡೆಯಿತು. ಸಾಮಾನ್ಯ ಸಲೈನ್‌ಗಿಂತ ಹೆಚ್ಚು ಜೀವ ಉಳಿಯಲಿಲ್ಲ, ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಿದರು. ಆಪರೇಷನ್‌ಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗಲೂ ಹೀಗೇ. ಡ್ರಿಪ್ ಕಡಿಮೆ ಸಾಕಾಯಿತು ನಿಜ, ಸಾವು ಕಡಿಮೆ ಆಯಿತು ಅನ್ನಲು ಆಧಾರ ಸಿಗಲಿಲ್ಲ. ಸೋಡಿಯಂ ಮಾತ್ರ ಏರಿತು. ಅದೂ ಅಲ್ಲದೆ ಎಳೆದು ತಂದ ನೀರು ರಕ್ತನಾಳದಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ.

ನೀವು ಡ್ಯೂಟಿಗೆ ಬಂದಾಗ ಒಂದು ನೆನಪಿಡಿ: 3% ಬಾಟಲಿಯನ್ನು ನಾರ್ಮಲ್ ಸಲೈನ್ ಜೊತೆ ಒಂದೇ ಕಪಾಟಿನಲ್ಲಿ ಇಡಬೇಡಿ. ಅವಸರದಲ್ಲಿ ಕೈ ತಪ್ಪುತ್ತದೆ.

ಪ್ರಶ್ನೆ: ನಮ್ಮ ಮಾವನಿಗೆ ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ಸೋಡಿಯಂ ಇಳಿದು ಏನೇನೋ ಮಾತಾಡುತ್ತಿದ್ದರು. ಆಗಲೂ 3% ಹಾಕಿದರು. ಅದೂ ಇದೇನಾ?

ಉತ್ತರ: ದ್ರಾವಣ ಅದೇ, ಕಾರಣ ಬೇರೆ. ಪ್ರಾಸ್ಟೇಟ್ ಕತ್ತರಿಸುವ ಹಳೆಯ ಬಗೆಯ ಕರೆಂಟ್ ಉಪಕರಣ ಬಳಸುವಾಗ ಆ ಜಾಗವನ್ನು ಸಲೈನ್‌ನಿಂದ ತೊಳೆಯಲು ಆಗುವುದಿಲ್ಲ, ಅದರಲ್ಲಿ ಕರೆಂಟ್ ಹರಿದುಹೋಗುತ್ತದೆ. ಅದಕ್ಕೆ ಕರೆಂಟ್ ಹರಿಸದ ಗ್ಲೈಸಿನ್ ನೀರು ಬಳಸುತ್ತಾರೆ. ಅದು ಕತ್ತರಿಸಿದ ರಕ್ತನಾಳಗಳ ಮೂಲಕ ಒಳಗೆ ಸೇರಿದರೆ ರಕ್ತ ತೆಳುವಾಗಿ ಸೋಡಿಯಂ ಇಳಿಯುತ್ತದೆ. ಗೊಂದಲ, ಫಿಟ್ಸ್ ಬಂದರೆ 3% ಬೇಕೇ ಬೇಕು. ಆದರೆ ಅಳತೆ ಮೀರಬಾರದು. ಬಹಳ ದಿನದಿಂದ ಸೋಡಿಯಂ ಕಡಿಮೆ ಇದ್ದವರಲ್ಲಂತೂ ಒಂದು ದಿನಕ್ಕೆ ಲೀಟರ್‌ಗೆ 8–10 ಮಿಲಿಮೋಲ್‌ಗಿಂತ ಜಾಸ್ತಿ ಏರಿಸಿದರೆ ಮೆದುಳಿನ ನರಗಳ ಹೊದಿಕೆಗೇ ಪೆಟ್ಟು ಬೀಳಬಹುದು.

ಮೊದಲು ಕೇಳಿದವರು: ಥ್ಯಾಂಕ್ಸ್ ಡಾಕ್ಟ್ರೇ. ಆಪರೇಷನ್ ಮರುದಿನ ಅಪ್ಪನ ಸೋಡಿಯಂ 147 ಇತ್ತು. ಭಯ ಇದೆಯಾ?

ಉತ್ತರ: 135ರಿಂದ 145 ಮಾಮೂಲಿ. 3% ಕೊಟ್ಟ ಮೇಲೆ 147 ಬಂದರೆ ಅಚ್ಚರಿ ಇಲ್ಲ, ಕಿಡ್ನಿ ಸರಿ ಇದ್ದರೆ ತಾನೇ ಇಳಿಯುತ್ತದೆ. ಮನೆಗೆ ಕಳಿಸುವ ಮುಂಚೆ ಇನ್ನೊಂದು ಸಲ ನೋಡಿರುತ್ತಾರೆ, ಚೀಟಿಯ ಎರಡನೇ ಪುಟ ತೆಗೆದು ನೋಡಿ. ಉಪ್ಪಿನಕಾಯಿಗೆ ಮಾತ್ರ ಈಗಲೂ ರಜೆಯೇ.