ಅಪ್‌ಡೇಟ್: ಡಿಸ್ಕ್ ಇಮೇಜ್ ಹಾಳಾಗಿರಲೇ ಇಲ್ಲ

ವರ್ಚುವಲ್ ಯಂತ್ರದಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶ ಸೃಷ್ಟಿಸುವ ಇನ್ನೊಂದು ಕಂಪ್ಯೂಟರ್) ಲಿನಕ್ಸ್ ಸ್ಥಾಪಿಸುವಾಗ ಅರ್ಧಕ್ಕೆ ನಿಂತು, ‘ಡಿಸ್ಕ್ ಇಮೇಜ್‌ಗೆ ಬರೆಯಲಾಗುತ್ತಿಲ್ಲ, ಫೈಲ್ ಹಾಳಾಗಿರಬಹುದು’ ಎಂಬ ಸಂದೇಶ ಬರುತ್ತಿದೆ ಎಂದು ಕಳೆದ ವಾರ ಕೇಳಿದ್ದೆ. ಡಿಸ್ಕ್ ಇಮೇಜ್ ಎಂದರೆ ಆ ಯಂತ್ರಕ್ಕೆ ಹಾರ್ಡ್ ಡಿಸ್ಕ್ ಆಗಿ ಕೆಲಸ ಮಾಡುವ ಫೈಲ್. ಈಗ ಕಾರಣ ಸಿಕ್ಕಿತು.

ಸಂದೇಶವನ್ನು ನಂಬಿ ಇಮೇಜನ್ನು ಎರಡು ಬಾರಿ ಅಳಿಸಿ ಹೊಸದಾಗಿ ಮಾಡಿದೆ. ಲಿನಕ್ಸ್ ಸ್ಥಾಪಿಸಲು ಇಳಿಸಿಕೊಂಡ ಐಎಸ್‌ಒ ಫೈಲಿನ ಚೆಕ್‌ಸಮ್ (ಫೈಲ್ ಕೆಟ್ಟಿಲ್ಲವೆಂದು ಖಚಿತಪಡಿಸುವ ಸಂಕೇತ) ಕೂಡ ತಾಳೆ ನೋಡಿದೆ, ಸರಿಯಾಗಿತ್ತು. ಕೊನೆಗೆ ಬೇಸತ್ತು ನಡೆದದ್ದನ್ನೆಲ್ಲ ದಾಖಲಿಸುವ ಲಾಗ್ ಫೈಲನ್ನು ಕೆಳಗಿನಿಂದ ಮೇಲಕ್ಕೆ ಓದಿದಾಗ ‘ಫೈಲ್ ತುಂಬಾ ದೊಡ್ಡದು’ ಎಂಬ ಅರ್ಥದ ಒಂದು ಸಾಲು ಕಣ್ಣಿಗೆ ಬಿತ್ತು. ಸತ್ತುಬಿದ್ದ ಇಮೇಜಿನ ಗಾತ್ರ ನೋಡಿದರೆ 4 ಜಿಬಿಯ ಹೊಸ್ತಿಲಲ್ಲಿ ನಿಂತಿದೆ!

ಇಮೇಜ್ ಇದ್ದದ್ದು ಫ್ಯಾಟ್32 ಎಂಬ ಹಳೆಯ ಫೈಲ್ ವ್ಯವಸ್ಥೆ (ಡ್ರೈವಿನಲ್ಲಿ ಫೈಲುಗಳನ್ನು ಜೋಡಿಸಿಡುವ ವಿಧಾನ) ಇದ್ದ ಬಾಹ್ಯ ಡ್ರೈವಿನಲ್ಲಿ. ಅದರಲ್ಲಿ ಒಂದು ಫೈಲ್ 4,29,49,67,295 ಬೈಟ್ ಮೀರುವಂತಿಲ್ಲ. ಡ್ರೈವಿನಲ್ಲಿ ನೂರಾರು ಜಿಬಿ ಖಾಲಿ ಇದ್ದುದರಿಂದ ಜಾಗದ ಅನುಮಾನವೇ ಬರಲಿಲ್ಲ. ನನ್ನದು ತಾನಾಗಿ ಬೆಳೆಯುವ ಇಮೇಜ್. ಹೆಸರಿಗೆ 40 ಜಿಬಿ, ಆರಂಭದಲ್ಲಿ ಕೆಲವೇ ಎಂಬಿ. ಸ್ಥಾಪನೆ ನಡೆದಂತೆ ಬೆಳೆದು ಆ ಮಿತಿಗೆ ತಾಗಿ ನಿಂತಿತು. ಪೂರ್ಣ ಗಾತ್ರವನ್ನು ಮೊದಲೇ ಕಾದಿರಿಸುವ ಬಗೆಯದನ್ನು ಆರಿಸಿದ್ದರೆ ಮೊದಲ ನಿಮಿಷದಲ್ಲೇ ಗುಟ್ಟು ಬಯಲಾಗುತ್ತಿತ್ತು.

ಡ್ರೈವಿನಲ್ಲಿದ್ದುದನ್ನೆಲ್ಲ ಬೇರೆಡೆ ನಕಲಿಸಿ, ಲಿನಕ್ಸಿನ ಫೈಲ್ ವ್ಯವಸ್ಥೆಯಾದ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ, ಹೊಸ ಇಮೇಜಿನಲ್ಲಿ ಮತ್ತೆ ಸ್ಥಾಪಿಸಿದೆ. ಈಗ ಫೈಲ್ 11 ಜಿಬಿ ದಾಟಿದೆ, ತಕರಾರಿಲ್ಲ. ವಿಂಡೋಸ್‌ನಲ್ಲೂ ಅದೇ ಡ್ರೈವ್ ಬಳಸುವವರಿಗೆ ವಿಂಡೋಸಿನದೇ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಅನುಕೂಲ.

‘ರ‍್ಯಾಮ್ ಪರೀಕ್ಷಿಸಿ’ ಎಂದವರ ಮಾತನ್ನೂ ಕೇಳಿದ್ದೆ. ಆ ಪರೀಕ್ಷೆಯನ್ನು ಇಡೀ ರಾತ್ರಿ ಓಡಿಸಿದರೂ ಅದರಲ್ಲಿ ಒಂದೂ ದೋಷ ಕಾಣಲಿಲ್ಲ.