ಬೆಕೆಟ್‌ನ ‘ಕ್ರ್ಯಾಪ್ಸ್ ಲಾಸ್ಟ್ ಟೇಪ್’ ಕಲಬುರಗಿಯಾಗ: ಟೇಪಿನ ದನಿ ಹ್ಯಾಂಗ ಹೊಂದಿಸೋದು?

ರಂಗಪ್ರಿಯ_ಕಲಬುರಗಿ:
ಸ್ಯಾಮ್ಯುಯೆಲ್ ಬೆಕೆಟ್‌ನ ಈ ನಾಟಕ ಕನ್ನಡದಾಗ ಮಾಡ್ಲಿಕ್ಕತ್ತೀವಿ, ಪಂಡಿತ ರಂಗಮಂದಿರದಂಥ ದೊಡ್ಡ ಹಾಲ್‌ನಾಗ. 69ರ ಮುದುಕ ಕ್ರ್ಯಾಪ್ ಹಳೇ ಟೇಪಿನಾಗ ತನ್ನ 39ರ ದನಿ ಕೇಳ್ತಾನ. ಹಳೇ ಸ್ಪೂಲ್ ರೆಕಾರ್ಡರ್ ಸಿಕ್ಕದ, ಓಡಂಗಿಲ್ಲ. ದನಿ ಹಾಲ್ ಸ್ಪೀಕರ್‌ದಾಗ ಬಿಟ್ರ ನಡೀತದೇನ್ರಿ? ಒಂದೇ ಫೈಲ್ ಸಾಕೇನು?

ಧ್ವನಿಮೇಜು:
ಎರಡೂ ಬ್ಯಾಡ್ರಿ. ಹಾಲ್ ಸ್ಪೀಕರ್‌ದಾಗ ಬಿಟ್ರ ದನಿ ಗ್ವಾಡಿಯಿಂದ ಬರ್ತದ, ನಟ ಪೆಟ್ಟಿಗೀಗೆ ಕಿವಿ ಹಚ್ಚಿ ಕುಂತದ್ದು ಸುಳ್ಳಾಗ್ತದ. ಮಷೀನಿನ ಒಳಭಾಗ ತೆಗೆದು 4 ಇಂಚಿನ ಸ್ಪೀಕರ್ ಕೂಡ್ಸಿ, ವೈರ್ ಟೇಬಲ್ ಕಾಲಿನ ಹಿಂದಿಂದ ಇಳಿಸ್ರಿ. ಬ್ಲೂಟೂತ್ ಬ್ಯಾಡ: ದನಿ ತಡಾ ಆಗಿ ಬರ್ತದ, ನಡುವ ಕಡೀತದ. ಹಿಂದಿನ ಸಾಲಿಗೆ ಕೇಳಲಿಲ್ಲಂದ್ರ ಹಾಲ್ ಸ್ಪೀಕರ್ ಸಣ್ಣಗೆ ಸೇರಿಸ್ರಿ, ಆದ್ರ ಡಿಲೇ ಹಾಕಿ, ಅಂದ್ರ ಆ ದನಿ ತುಸು ತಡಾ ಮಾಡಿ. ಟೇಬಲ್‌ನಿಂದ ಸ್ಪೀಕರ್ ಎಷ್ಟು ಮುಂದ ಅದ ನೋಡಿ ಮೀಟರಿಗೆ 3 ಮಿಲಿಸೆಕೆಂಡ್, ಅದರ ಮ್ಯಾಲ ಇನ್ನೂ 10–15 ಮಿಲಿಸೆಕೆಂಡ್. ಪೆಟ್ಟಿಗೀ ದನಿ ಮೊದಲು ಮುಟ್ಟಿದ್ರ ಕಿವಿ ಅಲ್ಲಿಂದೇ ಬಂತು ಅಂತ ನಂಬ್ತದ.

ಒಂದೇ ಫೈಲ್‌ನಾಗ ಮೌನ ಅಳೆದು ಇಟ್ರ, ನಟ ಎರಡು ಸೆಕೆಂಡ್ ಹೆಚ್ಚು ಕುಂತ ದಿನ ಎಲ್ಲಾ ಕೆಡ್ತದ. ಕ್ರ್ಯಾಪ್ ಸ್ವಿಚ್ ಒತ್ತೋ ಕಡೆಗೆಲ್ಲ ತುಂಡು ಮಾಡಿ ನಂಬರ್ ಹಾಕ್ರಿ; ಆಪರೇಟರ್ ನಟನ ಬೆರಳು ನೋಡಿ ಬಿಡಬೇಕು, ಪುಸ್ತಕ ನೋಡಿ ಅಲ್ಲ. ಟೇಪಿನಾಗ ದೋಣ್ಯಾಗ ಹುಡುಗಿ ಜೋಡಿ ಇದ್ದ ನೆನಪಿನ ಭಾಗ ಮತ್ತ ಮತ್ತ ಬರ್ತದ. ಅದನ್ನ ಬ್ಯಾರೆ ಬ್ಯಾರೆ ಓದಿಸಬ್ಯಾಡ್ರಿ, ಅದೇ ರೆಕಾರ್ಡಿಂಗ್ ಬರಬೇಕು. ಟೇಪ್ ಬದಲಾಗಂಗಿಲ್ಲ, ಕೇಳೋ ಮನುಷ್ಯ ಬದಲಾಗ್ಯಾನ. ನಾಟಕ ನಿಂತದ್ದೇ ಅದರ ಮ್ಯಾಲ.

39ರ ದನಿ ಗಟ್ಟಿ, ತುಸು ಗತ್ತು ಇರೋದು. ಅದನ್ನ ಮೊದಲು, ಒಂದೇ ದಿನ, ಕೋಣ್ಯಾಗ ಕೌದಿ ಇಳಿಬಿಟ್ಟು ರೆಕಾರ್ಡ್ ಮಾಡ್ರಿ. ಮುದುಕನ ಒಡಕು ದನಿ ರೂಢಿ ಆದ ಮ್ಯಾಲ ಗಂಟಲು ಹಿಂದಕ್ಕ ಬರಂಗಿಲ್ಲ.

ಪದಶೋಧ_ಬೀದರ್:
ಅನುವಾದದಾಗ ಒಂದು ಕಡೆ ಜ್ವಾಕಿ ಇರಲಿ. ಟೇಪಿನಾಗ ತಾಯಿಯ ವೈಧವ್ಯದ ಮಾತು ಬರ್ತದ. ತಾನೇ ಆಡಿದ ಆ ಶಬ್ದ ಮುದುಕಗ ಮರೆತದ, ದೊಡ್ಡ ನಿಘಂಟು ತಂದು ನೋಡ್ತಾನ. ‘ವೈಧವ್ಯ’ ಅಂತ ಇಟ್ರ ನಿಘಂಟು ಯಾಕ ಬೇಕು, ಎಲ್ಲಾರಿಗೂ ಗೊತ್ತದ. ‘ವಿಶ್ವಸ್ತೆ’ ಇಟ್ಟು ನೋಡ್ರಿ. ಅಮರಕೋಶದಾಗ ಅದು ವಿಧವೆಗೇ ಇನ್ನೊಂದು ಹೆಸರು, ಆದ್ರ ಕೇಳಿದವ್ರಿಗೆ ‘ನಂಬಿಕಸ್ಥೆ’ ಅನ್ನಿಸ್ತದ. ‘ಸ್ಪೂಲ್’ ಮಾತ್ರ ಹಂಗೇ ಇರಲಿ. ಆ ‘ಊ’ ಎಳೆದು ಎಳೆದು ಸವೀತಾನಲ್ಲ, ‘ಸುರುಳಿ’ಯಾಗ ಆ ರುಚಿ ಇಲ್ಲ.

ಹಕ್ಕಿನ ಕೆಲಸ ಮೊದಲು ಮುಗಿಸ್ರಿ. ಬೆಕೆಟ್ ತೀರಿದ್ದು 1989ರ ಡಿಸೆಂಬರ್. ನಮ್ಮ ಕಾಪಿರೈಟ್ ಕಾನೂನಿನಾಗ ಬರೆದವ್ರು ತೀರಿದ ಮ್ಯಾಲ 60 ವರ್ಷ, ಅಂದ್ರ 2049ರ ಕೊನೀತನಕ ಅನುವಾದಕ್ಕೂ ಪ್ರಯೋಗಕ್ಕೂ ಲಿಖಿತ ಒಪ್ಪಿಗೆ ಬೇಕು. ರಂಗಸೂಚನೆ ಬದಲಿಸಿದ್ರ ಬೆಕೆಟ್‌ನ ಹಕ್ಕುದಾರರು ಭಾಳ ಬಿಗಿ. ‘ವಿಶ್ವಸ್ತೆ’ಯ ವಿಷಯನೂ ಮೊದಲೇ ಬರೆದು ತಿಳಿಸ್ರಿ.

ರಂಗಪ್ರಿಯ_ಕಲಬುರಗಿ:
ಭಾಳ ಉಪಕಾರ ಆತ್ರಿ. ಬೆಳಕು, ಕ್ರ್ಯಾಪ್ ತಿನ್ನೋ ಬಾಳೆಹಣ್ಣು ಹ್ಯಾಂಗ್ರಿ?

ಧ್ವನಿಮೇಜು:
ಟೇಬಲ್ ಮ್ಯಾಲ ನೆಟ್ಟಗ ಒಂದು 1000 ವ್ಯಾಟ್ ಬಿಳಿ ಲೈಟ್, ಉಳಿದದ್ದು ಕತ್ತಲಿ. ಫ್ಯಾನ್ ಇರೋ ಎಲ್‌ಇಡಿ ಲೈಟ್ ಹಚ್ಚಬ್ಯಾಡ್ರಿ, ಮೌನದಾಗ ಗುಂಯ್ ಅಂತದ. ಹಾಲ್ ಫ್ಯಾನ್ ಕತೀನೂ ಅದೇ. ಬ್ಯಾಸಗ್ಯಾಗ ಅವನ್ನ ಬಂದ್ ಮಾಡಿದ್ರ ಮಂದಿ ಕೂಡಂಗಿಲ್ಲ, ಡಿಸೆಂಬರ್-ಜನವರಿ ತಾರೀಖು ಹಿಡೀರಿ. ಕ್ರ್ಯಾಪ್ ಕತ್ತಲ್ಯಾಗ ಹೋಗಿ ಬಾಟ್ಲಿ ಬಿರಡಿ ತೆಗೆದು ಬರ್ತಾನ, ದಾರಿಗೆ ಹೊಳಿಯೋ ಟೇಪ್ ಹಚ್ಚ್ರಿ.

ಹಣ್ಣು ಏಲಕ್ಕಿ ಬ್ಯಾಡ, ಕೊನೀ ಸಾಲಿಗೆ ಕಾಣಂಗಿಲ್ಲ. ಪಚ್ಚಬಾಳಿ ತರ್ರಿ, ತುಸು ಗಟ್ಟಿ ಇರೋದು. ಪೂರ್ತಿ ಮಾಗಿದ್ದು ಲೈಟಿನ ಕಾವಿಗೆ ಮೆತ್ತಗಾಗಿ ಕೈಯಾಗ ಮುರೀತದ. ಸಿಪ್ಪಿ ಮ್ಯಾಲ ಜಾರೋದು ನಾಟಕದಾಗೇ ಅದ, ನಟನ ಬೂಟಿನ ತಳಕ್ಕ ರಬ್ಬರ್ ಅಂಟಿಸ್ರಿ.